ಎಂಟನೆಯ ಉಂಡೆ

ನಿನ್ನೆ ಬೆಳಿಗ್ಗೆ ಎಚ್ಚರವಾಗುವಷ್ಟರಲ್ಲಿ ಮನೆ ತುಂಬ ಇಂಗಿನ ವಾಸನೆ. ಒಗ್ಗರಣೆಯ ಇಂಗಾದರೆ ಮೂಗು ಒಮ್ಮೆ ಹಿಗ್ಗಿ ಸುಮ್ಮನಾಗುತ್ತದೆ. ಇದು ಹಾಗಲ್ಲ. ಜೋಳದ ಹಿಟ್ಟನ್ನು ಎಣ್ಣೆ ಹಾಕದೆ ಬಾಣಲೆಯಲ್ಲಿ ಹುರಿಯುತ್ತ ಹೋಗಿ, ಇನ್ನೇನು ಸೀಯಬೇಕು ಎನ್ನುವ ಹೊತ್ತಿಗೆ ಶೇಂಗಾ ಹಿಂಡಿಯ ಪುಡಿಯನ್ನೂ ಇಂಗನ್ನೂ ಉದುರಿಸಿದರೆ ಏಳುವ ವಾಸನೆ. ಮನುಷ್ಯರು ಉಣ್ಣುವ ಯಾವ ಅಡುಗೆಗೂ ಇದು ಬೇಕಾಗುವುದಿಲ್ಲ. ಹೊಸಪೇಟೆಯ ನಮ್ಮ ಎರಡು ಕೋಣೆಯ ಮನೆಯಲ್ಲಂತೂ ಈ ವಾಸನೆ ಯಾವತ್ತೂ ಎದ್ದಿರಲಿಲ್ಲ. ನಾನು ಅದನ್ನು ಕೊನೆಯ ಸಲ ಮೂಸಿದ್ದು ಹದಿಮೂರು ವರ್ಷದ ಹಿಂದೆ, ಮಾವನ ಮನೆಯಲ್ಲಿ. ಬ್ರಷ್ಷನ್ನು ಬಾಯಲ್ಲಿ ಇಟ್ಟುಕೊಂಡೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಹೆಂಡತಿ ರೇಣುಕಾ ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದಳು. "ತಮ್ಮ ಫೋನ್ ಮಾಡಿದ್ದ. ಅಪ್ಪಗ ಜ್ವರ ಬಿಟ್ಟೈತಿ, ಆದ್ರ ಬಾಯಿ ಸೇರವಲ್ಲದು. ಗಂಜಿ ಸೈತ ಬ್ಯಾಡ ಅನ್ನಾಕತ್ಯಾನಂತ. ಮತ್ತೇನು ಉಣ್ತಿ ಅಂತ ಕೇಳಿದ್ರ, ಹರಗಿ ಸಾರು ಅಂದನಂತ."

"ಮಾರ್ಕೆಟ್‌ನ್ಯಾಗ ನೋಡಿ..." ಎಂದೆ, ಬಾಯಿ ತುಂಬ ನೊರೆ.

"ಮಾರ್ಕೆಟ್ ಮೀನಲ್ಲ. ನಮ್ಮ ಮಡುವಿಂದು. ಅಳಿಯಾರ ಉಣ್ಸಿ ಹಿಡೀಬೇಕು ಅಂದಾನ. ನಾಳಿಂದ ಶುರು ಮಾಡ್ರಿ. ಇನ್ನೊಂದು ಮಾತು ಹೇಳ್ಯಾನಂತ..."

ಆ ಇನ್ನೊಂದು ಮಾತು ಕೇಳಲು ನಾನು ಅಲ್ಲಿ ನಿಲ್ಲಲಿಲ್ಲ. ಉಗುಳುವ ನೆಪದಲ್ಲಿ ಹೊರಗೆ ಬಂದವನು ಗೇಟು ತೆಗೆದು ಕಾಲುವೆಯ ತನಕ ನಡೆದು, ಅಲ್ಲಿಂದ ತಿರುಗಿ ಬಂದೆ. ನೊರೆ ಗಲ್ಲದ ಮೇಲೆ ಒಣಗಿತ್ತು.

ನಿಮಗೆ ನನ್ನ ಗುರುತಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ನಾನು ಒಂದು ಕಡೆ ಕೂರುವ ಪೈಕಿ ಅಲ್ಲ. ಬಸ್ ಹತ್ತು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆದು ಹೋಗುತ್ತೇನೆ. ಅದು ಎರಡು ಸ್ಟಾಪುಗಳ ನಡುವೆ ನನ್ನನ್ನು ದಾಟಿ ಹೋಗುತ್ತದೆ. ಮದುವೆ ಮನೆಯಲ್ಲಿ ಅಕ್ಷತೆ ಬೀಳುವ ಮುಂಚೆ ಊಟದ ಕೋಣೆಯ ಬಾಗಿಲು ತಳ್ಳಿ ನೋಡುತ್ತೇನೆ. ಒಮ್ಮೆ ಬಿಪಿ ನೋಡುವ ನರ್ಸಮ್ಮ, "ಮೊದ್ಲು ಮಣಕಾಲು ಕುಣಸೂದು ನಿಲ್ಲಸ್ರಿ" ಎಂದು ಬೈದಿದ್ದಾಳೆ. ನನ್ನ ಕಾಲಲ್ಲಿ ಚಕ್ರ ಇದೆ ಎಂದು ಹೆಂಡತಿ ಹೇಳುವುದನ್ನು ನಾನು ಬಹಳ ವರ್ಷ ಹೊಗಳಿಕೆ ಎಂದೇ ತಿಳಿದಿದ್ದೆ. ಅಂಥವನನ್ನೂ ಈ ಇಂಗಿನ ವಾಸನೆ ಯಾಕೆ ಕಾಲುವೆಯ ತನಕ ಓಡಿಸಿತು ಎಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಹೊಳೆಯ ತನಕ ಬರಬೇಕು.

ಹರಗಿ ಎಂದರೆ ಹೊಳೆಯ ಮೀನು. ತುಟಿ ದಪ್ಪ, ಬಾಯಿಯ ಎರಡೂ ಕಡೆ ಮೀಸೆ. ಬೆನ್ನು ಕಲ್ಲಿನ ಬಣ್ಣ. ಬಿಸಿಲಿಗೆ ಹೊರಳಿದಾಗ ಪಕ್ಕೆ ಹಿತ್ತಾಳೆಯ ಬಣ್ಣ. ಹುರುಪೆ ಹಳೆಯ ರೂಪಾಯಿ ನಾಣ್ಯದಷ್ಟು ಇರುತ್ತದೆ. ಬೇರೆ ಊರುಗಳಲ್ಲಿ ಬೇರೆ ಹೆಸರಿರಬಹುದು. ನಾನು ಕಂಪ್ಲಿ ಕಡೆಯ ಅಳಿಯ, ಮಾವನ ಮನೆಯಲ್ಲಿ ಕಲಿತ ಹೆಸರೇ ನನಗೆ ಗೊತ್ತಿರುವುದು. ಮಳೆಗಾಲದಲ್ಲಿ ಅಣೆಕಟ್ಟಿನ ಬಾಗಿಲು ತೆರೆದು ಕೆಂಪು ನೀರು ಬಂದಾಗ ಈ ಮೀನು ಎಲ್ಲಿ ಹೋಗಿರುತ್ತದೋ ಯಾರಿಗೂ ಗೊತ್ತಿಲ್ಲ. ಚಳಿಗಾಲಕ್ಕೆ ಹೊಳೆ ಇಳಿದು, ತಳದ ಕಲ್ಲು ಎಣಿಸಬಹುದು ಎನ್ನುವಷ್ಟು ನೀರು ತಿಳಿಯಾದ ಮೇಲೆ, ಬಂಡೆಗಳ ನಡುವಿನ ಮಡುಗಳಿಗೆ ಬಂದು ಸೇರುತ್ತದೆ. ತಿಳಿನೀರಿನಲ್ಲಿ ಅದು ನಮಗೆ ಕಾಣುವಷ್ಟೇ ನಾವೂ ಅದಕ್ಕೆ ಕಾಣುತ್ತೇವೆ. ದಂಡೆಯ ಮೇಲೆ ಗುರುತಿಲ್ಲದ ನೆರಳು ಬಿದ್ದರೆ ಎರಡು ದಿನ ಆ ಕಡೆ ಸುಳಿಯುವುದಿಲ್ಲ.

ಮಾವ ಹನುಮಂತಪ್ಪನವರು ಹರಿಗೋಲು ನಡೆಸುತ್ತಿದ್ದವರು. ಹಂಪಿಗೂ ಕಂಪ್ಲಿಗೂ ನಡುವೆ ಹೊಳೆದಂಡೆಯಲ್ಲೇ ಅವರ ಊರು. ಸೇತುವೆಯಾದ ಮೇಲೆ ಹರಿಗೋಲು ಹತ್ತುವವರು ಕಡಿಮೆಯಾದರು. ಅವರ ದಾಯಾದಿಗಳ ಮಕ್ಕಳೆಲ್ಲ ಹಂಪಿಗೆ ಹೋಗಿ, ಪ್ರವಾಸಿಗರನ್ನು ಕೂರಿಸಿಕೊಂಡು ನಡುನೀರಿನಲ್ಲಿ ಗರಗರ ತಿರುಗಿಸಿ ಕೇಕೆ ಹಾಕಿಸುವ ಕೆಲಸ ಹಿಡಿದರು. ಇವರನ್ನೂ ಕರೆದರಂತೆ. "ಹರಗೋಲು ಇರೂದು ದಾಟ್ಸಾಕ, ತಿರಗ್ಸಾಕಲ್ಲ" ಎಂದು ಊರಲ್ಲೇ ಉಳಿದರು. ಉಳಿದು, ಸ್ವಲ್ಪ ಬಾಳೆ ಹಾಕಿ, ಚಳಿಗಾಲದಲ್ಲಿ ಮೀನಿಗೆ ಉಣಿಸುತ್ತಿದ್ದರು.

ಹಿಡಿಯುತ್ತಿದ್ದರು ಎನ್ನುವುದಕ್ಕಿಂತ ಉಣಿಸುತ್ತಿದ್ದರು ಎನ್ನುವುದೇ ಸರಿ. ಎಳ್ಳಮಾವಾಸ್ಯೆ ಕಳೆದ ಮರುದಿನದಿಂದ ಇಪ್ಪತ್ತೊಂದು ದಿನ, ಎಮ್ಮೆ ಬಂಡೆಯ ಮಡುವಿಗೆ ದಿನಾ ಏಳು ಉಂಡೆ. ಎಮ್ಮೆ ಬಂಡೆ ಎಂದರೆ ನೀರಲ್ಲಿ ಮಲಗಿದ ಎಮ್ಮೆಯ ಹಾಗೆ ಕಾಣುವ ಕಲ್ಲು. ಅದಕ್ಕೊಂದು ಕೊರಳಿದೆ, ಹೊಟ್ಟೆಯಿದೆ. ಬೆಳಿಗ್ಗೆಯ ಬಿಸಿಲು ಮೇಲಿನಿಂದ ಇಳಿಯುತ್ತ ಆ ಕೊರಳಿಗೆ ಬಂದಾಗ ಉಂಡೆ ಹಾಕಬೇಕು, ಮುಂಚೆಯೂ ಅಲ್ಲ, ಆಮೇಲೂ ಅಲ್ಲ. ಇಪ್ಪತ್ತು ದಿನ ಬರೀ ಉಂಡೆ. ಇಪ್ಪತ್ತೊಂದನೆಯ ದಿನ ಏಳರಲ್ಲಿ ಒಂದರೊಳಗೆ ಮಾತ್ರ ಗಾಳ. ಒಂದೇ ಮೀನು. ಅದಾದ ಮೇಲೂ ಮೂರು ದಿನ ಗಾಳವಿಲ್ಲದೆ ಉಣಿಸಬೇಕು, ಉಳಿದವುಗಳ ಹೆದರಿಕೆ ಹೋಗಲಿ ಎಂದು. ಆ ವರ್ಷ ಆ ಮಡುವಿನಿಂದ ಎರಡನೆಯ ಮೀನು ಕೇಳುವ ಹಾಗಿಲ್ಲ. ಇನ್ನೂ ಎರಡು ಕಟ್ಟಳೆಗಳಿದ್ದವು. ಅತ್ತೆಯವರು ಡಬ್ಬಿಯಲ್ಲಿ ಏಳರ ಜೊತೆಗೆ ಎಂಟನೆಯ ಉಂಡೆಯೊಂದನ್ನು ಇಡುತ್ತಿದ್ದರು. ಅದು ಉಣಿಸುವವನು ಅಲ್ಲೇ ಕೂತು ತಿನ್ನಬೇಕಾದದ್ದು. "ಅವು ಉಣ್ಣೂದನ್ನ ನಾವೂ ಉಂಡ್ರ, ಮೋಸ ಮಾಡಾಕ ಮನಸು ಬರಂಗಿಲ್ಲ" ಎನ್ನುತ್ತಿದ್ದರು ಮಾವ. ಮತ್ತೆ, ಮೀನಿನ ತಲೆ ಉಣಿಸಿದವನದು. ಮನೆಗೆ ಎಂಥ ದೊಡ್ಡ ಮನುಷ್ಯ ಬಂದಿದ್ದರೂ ತಲೆ ಅವನ ತಟ್ಟೆಗೆ ಹೋಗುತ್ತಿರಲಿಲ್ಲ.

ಇನ್ನು ನನ್ನ ಸಂಗತಿ. ಆಗ ನಾನು ಸಂಡೂರಿನ ಒಂದು ಗಣಿಯಲ್ಲಿ ಲಾರಿಗಳ ಸರದಿ ನೋಡುವ ಸೂಪರ್‌ವೈಸರ್. ನನ್ನಂಥವನಿಗೆ ಹೇಳಿ ಮಾಡಿಸಿದ ಕೆಲಸ. ದಿನವಿಡೀ ಸೀಟಿ ಊದುತ್ತ, ಓಡುತ್ತ, ಡ್ರೈವರುಗಳ ಜೊತೆ ಜಗಳವಾಡುತ್ತ ಇರಬೇಕು. ಕಿವಿಯಲ್ಲಿ ಕೆಂಪು ಧೂಳು, ಎರಡು ಸಲ ಸ್ನಾನ ಮಾಡಿದರೂ ಟವೆಲ್ಲು ಕೆಂಪಗೇ. ಹಾಗಿದ್ದದ್ದು ಒಂದು ದಿನ ಗಣಿಗಳೆಲ್ಲ ನಿಂತವು. ಲಾರಿಗಳು ರಸ್ತೆಯ ಬದಿಗೆ ಸಾಲಾಗಿ ನಿಂತು, ಅವುಗಳ ಟೈರಿನ ಪಕ್ಕ ಹುಲ್ಲು ಬೆಳೆಯಿತು. ಅಷ್ಟೊತ್ತಿಗೆ ರೇಣುಕಾಗೆ ನಾಲ್ಕು ತಿಂಗಳು. ಬಾಡಿಗೆ ಕೋಣೆ ಬಿಟ್ಟು ಅವಳನ್ನು ಕರೆದುಕೊಂಡು ಮಾವನ ಮನೆಗೆ ಬಂದೆ.

ಅಳಿಯನಿಗೆ ಮಾವನ ಮನೆಯಲ್ಲಿ ಎಷ್ಟು ದಿನ ಮರ್ಯಾದೆ ಸಲ್ಲುತ್ತದೆ ಎಂದು ನಿಮಗೆ ಗೊತ್ತಿರಬಹುದು. ನಾನು ಬಂದು ಎರಡು ತಿಂಗಳಾಗಿತ್ತು. ಅವರೇನೂ ಕಡಿಮೆ ಮಾಡಲಿಲ್ಲ, ಅದೇ ಕಷ್ಟ. ನಾನು ಎದ್ದರೆ ಕುರ್ಚಿ ಹೊರಗೆ ಬರುತ್ತಿತ್ತು, ಕೂತರೆ ಚಹಾ ಬರುತ್ತಿತ್ತು. ಮಾವ ನನಗಿಂತ ಮುಂಚೆ ಎದ್ದು ಬಾಳೆಗೆ ನೀರು ಕಟ್ಟಿ ಬಂದಿರುತ್ತಿದ್ದರು; ಸಲಿಕೆ ಕೊಡಿ ಎಂದರೆ, "ನಿಮಗ್ಯಾಕ್ರಿ ರಾಡಿ, ಕುಂದ್ರಿ" ಎನ್ನುತ್ತಿದ್ದರು. ಕೂರುವುದೊಂದೇ ನನಗೆ ಬಾರದ ಕೆಲಸ ಎಂದು ಅವರಿಗೆ ಹೇಗೆ ಹೇಳುವುದು? ದಿನಾ ಸಂಜೆ ಕಂಪ್ಲಿಗೆ ಹೋಗಿ ಹಳೆಯ ಸಾಹೇಬರಿಗೆ ಫೋನ್ ಮಾಡಿ, ಇನ್ನೂ ಏನೂ ಇಲ್ಲ ಎನ್ನಿಸಿಕೊಂಡು ಬರುತ್ತಿದ್ದೆ.

ರೇಣುಕಾಗೆ ಏನು ತಿಂದರೂ ನಿಲ್ಲುತ್ತಿರಲಿಲ್ಲ. ಐದನೇ ತಿಂಗಳಿಗೆ ಸರಿಹೋಗುತ್ತದೆ ಎಂದರು, ಹೋಗಲಿಲ್ಲ. ಆರನೆಯದರಲ್ಲಿ ಅವಳ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಕಂಪ್ಲಿಯ ಡಾಕ್ಟ್ರಮ್ಮ ಹೊಟ್ಟೆ ಮುಟ್ಟಿ ನೋಡಿ, "ಕೂಸು ಬೆಳ್ಯಾಕ ಇಕಿ ಹೊಟ್ಯಾಗ ಏನರ ನಿಲ್ಲಬೇಕಲ್ರೀ. ಇನ್ನ ಹದಿನೈದು ದಿನ ನೋಡ್ತೀನಿ" ಎಂದು ನನ್ನ ಕಡೆ ತಿರುಗಿ ಹೇಳಿದರು, ಅವಳ ಊಟ ತಡೆದಿಟ್ಟವನು ನಾನೇ ಎನ್ನುವ ಹಾಗೆ. ಆ ಸಂಜೆ ಏನಾದರೂ ಆಸೆಯಾಗುತ್ತದೆಯೇ ಎಂದು ಅತ್ತೆ ಕೇಳಿದ್ದಕ್ಕೆ ರೇಣುಕಾ, "ಅಪ್ಪ ತರ್ತಿದ್ನಲ್ಲ, ಹರಗಿ. ಅದರ ಸಾರು ಆದ್ರ ಉಂಡೇನು" ಎಂದಳು. ಮಾವ ಒಳಗೆ ಹೋಗಿ, ಎಳ್ಳಮಾವಾಸ್ಯೆಗೆ ಇನ್ನೂ ಹೊತ್ತಿದ್ದರೂ, ಉಂಡೆಯ ಡಬ್ಬಿ ತೊಳೆದಿಟ್ಟರು.

ಮರುದಿನದಿಂದಲೇ ಶುರು ಮಾಡಿ ನಾಲ್ಕು ದಿನ ಅವರೇ ಉಣಿಸಿದರು. ನಾಲ್ಕನೆಯ ದಿನ ಬರುವಾಗ ಪಾಚಿಯ ಮೇಲೆ ಕಾಲು ಜಾರಿ ಕಲ್ಲುಗಳ ನಡುವೆ ಸಿಕ್ಕಿ, ಪಾದದ ಗಂಟಿನ ಹತ್ತಿರ ಎಲುಬು ಬಿರುಕು ಬಿಟ್ಟಿತು. ಗಾದಿಗನೂರಿನ ಕಡೆಯ ಒಬ್ಬ ನಾಟಿ ವೈದ್ಯ ಬಂದು ಬಿದಿರಿನ ದಬ್ಬೆ ಕಟ್ಟಿ, ಒಂದು ತಿಂಗಳು ಕಾಲು ನೆಲಕ್ಕೆ ಊರಬಾರದು ಎಂದು ಹೇಳಿ ಹೋದ. ರೇಣುಕಾಳ ತಮ್ಮ ಆಗ ದೂರದ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದ. ವೈದ್ಯ ಹೋದ ಮೇಲೆ ಮಾವ ನನ್ನನ್ನು ಕರೆದರು.

"ಅಳಿಯಾರ, ಒಂದು ಕೆಲಸ ಐತ್ರಿ. ಆದ್ರ ಅದರಾಗ ಮಾಡೂದು ಏನೂ ಇಲ್ಲ. ಹೋಗಬೇಕು, ಹಾಕಬೇಕು, ಕುಂದ್ರಬೇಕು, ಬರಬೇಕು."

"ಎಷ್ಟೊತ್ತು ಕುಂದ್ರಬೇಕ್ರಿ?"

"ಅವು ಬಂದು ಉಂಡು ಹೋಗೂತನ."

"ಬರಲಿಲ್ಲಾಂದ್ರ?"

"ಬರೂತನ" ಎಂದರು ಮಾವ.

ಎರಡು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಕೆಲಸ. ಮರುದಿನ ಬೆಳಕು ಹರಿಯುವ ಮುಂಚೆ ಹೋಗಿ ಬಿಸಿಲಿಗೆ ಕಾದೆ. ಏಳು ಉಂಡೆ ಹಾಕಿದೆ. ಎಂಟನೆಯದನ್ನು ಬಾಯಿಗಿಟ್ಟೆ, ಉಪ್ಪಿಲ್ಲ, ಖಾರವಿಲ್ಲ, ಹಿಂಡಿಯ ಒಗರು. ಉಗುಳಿ, ಉಳಿದದ್ದನ್ನು ಕಾಗೆಗೆ ಎಸೆದೆ. ಐದು ನಿಮಿಷಕ್ಕೆ ಎದ್ದು ನಿಂತೆ, ಮತ್ತೆ ಕೂತೆ, ಮತ್ತೆ ಎದ್ದೆ. ಬಹಳ ಹೊತ್ತಾದ ಮೇಲೆ ನೀರಿನ ತಳದಲ್ಲಿ ಒಂದು ನೆರಳು ಅಲ್ಲಾಡಿ, ಹೊರಳಿ, ಹಿತ್ತಾಳೆಯಾಯಿತು. ಆಮೇಲೆ ಇನ್ನೂ ನಾಲ್ಕು. ಅವುಗಳಲ್ಲಿ ಮೇಲ್ತುಟಿ ಒಂದು ಕಡೆ ಸೀಳಿದ್ದ ದೊಡ್ಡದೊಂದು ಎಲ್ಲಕ್ಕಿಂತ ಕೊನೆಗೆ ಬಂತು. ನಾನು ಕೂತಲ್ಲೇ ಕೂತು ನೋಡಿದೆ. ಆ ಹತ್ತು ನಿಮಿಷ ನನ್ನ ಮೊಣಕಾಲು ಅಲ್ಲಾಡಲಿಲ್ಲ ಎನ್ನುವುದನ್ನು ನನ್ನ ಪರವಾಗಿ ನೀವು ನೆನಪಿಟ್ಟುಕೊಳ್ಳಬೇಕು.

ಏಕೆಂದರೆ ಮನೆಗೆ ಬರುವ ದಾರಿಯಲ್ಲಿ ನಾನೊಂದು ಲೆಕ್ಕ ಹಾಕಿದೆ. ಇವತ್ತಿನದು ಸೇರಿ ಉಳಿದದ್ದು ಹದಿನೇಳು ದಿನ. ಡಾಕ್ಟ್ರಮ್ಮ ಕೊಟ್ಟ ಗಡುವಿನಲ್ಲಿ ಉಳಿದದ್ದು ಹತ್ತು. ದಿನಕ್ಕೆ ಎರಡು ಸಲ ಉಣಿಸಿದರೆ ಎಂಟೂವರೆ ದಿನಕ್ಕೆ ಕೆಲಸ ಮುಗಿಯುತ್ತದೆ. ಇಷ್ಟು ಸುಲಭದ ಗಣಿತ ಇವರ ಮನೆತನದಲ್ಲಿ ಇಷ್ಟು ತಲೆಮಾರಿನಿಂದ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಮರುಕವೂ ಆಯಿತು. ಗಣಿಯಲ್ಲಿ ಹೀಗೆಯೇ ಅಲ್ಲವೇ, ಒಂದು ಶಿಫ್ಟ್ ಸಾಲದಿದ್ದರೆ ಎರಡು ಮಾಡುವುದು.

ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಅತ್ತೆ ಕಟ್ಟಿಕೊಟ್ಟ ಉಂಡೆ. ಸಂಜೆ ಕಂಪ್ಲಿಗೆ ಫೋನ್ ಮಾಡಲು ಹೋಗುವ ನೆಪ; ಅಲ್ಲಿ ಹಿಟ್ಟು, ಇಂಗು ಕೊಂಡು, ಬರುವಾಗ ಹೊಳೆದಂಡೆಯಲ್ಲಿ ಮೂರು ಕಲ್ಲು ಹೂಡಿ ಹುರಿದು, ನಾನೇ ಉಂಡೆ ಕಟ್ಟಿ, ಹೊತ್ತು ಮುಳುಗುವಾಗ ಹಾಕುತ್ತಿದ್ದೆ. ಮೀನುಗಳು ಮೊದಲೆರಡು ಸಂಜೆ ಬರಲಿಲ್ಲ. ಮೂರನೆಯ ಸಂಜೆ ಬಂದವು. ಐದನೆಯ ದಿನಕ್ಕೆ ನನ್ನ ಹೆಜ್ಜೆಯ ಸಪ್ಪಳಕ್ಕೇ ಮೇಲೆ ಬರತೊಡಗಿದವು. ಹರಿದ ತುಟಿಯದು ಈಗ ಎಲ್ಲಕ್ಕಿಂತ ಮೊದಲು ಬರುತ್ತಿತ್ತು. ಅದರ ಮೀಸೆ ತಳದ ಮರಳನ್ನು ತಡವುತ್ತಿದ್ದದ್ದು ನನಗೆ ಕಾಣುತ್ತಿತ್ತು. ಖುಷಿ ತಡೆಯಲಾಗದೆ ಒಂದು ರಾತ್ರಿ ಊಟಕ್ಕೆ ಕೂತಾಗ, "ಮಾವಾರ, ಇಪ್ಪತ್ತೊಂದು ಬೇಕಾಗಂಗಿಲ್ಲ ಅನಸ್ತೈತ್ರಿ" ಎಂದೆ. ಮಾವ ಕಟ್ಟು ಹಾಕಿದ ಕಾಲಿನ ಕಡೆ ನೋಡಿಕೊಂಡು, "ಬೇಕ್ರಿ" ಎಂದರು.

ಎಂಟನೆಯ ದಿನ ಸಂಜೆ. ಮರುದಿನ ಬೆಳಿಗ್ಗೆ ಗಾಳ ಹಾಕುವುದೆಂದು ತಂಗೂಸಿ ದಾರವನ್ನೂ ಗಾಳವನ್ನೂ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಉಂಡೆ ಹಾಕಿದೆ. ಐದೂ ಮೇಲೆ ಬಂದವು. ಆಗ ಎಮ್ಮೆ ಬಂಡೆಯ ಆಚೆಯಿಂದ ಒಂದು ಸೀಟಿಯ ಹಾಗೆ ಸದ್ದು ಬಂತು. ನೀರಿನಲ್ಲಿ ತೆಂಗಿನಕಾಯಿ ತೇಲಿ ಬಂದ ಹಾಗೆ ಆರು ಕಪ್ಪು ತಲೆಗಳು. ನೀರುನಾಯಿಗಳು. ಅವು ಎರಡು ಪಾಲಾಗಿ, ಮೂರು ಮಡುವಿನ ಬಾಯಿಗೆ ನಿಂತು, ಮೂರು ಒಳಗೆ ಮುಳುಗಿದವು. ನಾನು ಕಲ್ಲು ಎಸೆದೆ, ಕೂಗಿದೆ, ಮೊಣಕಾಲು ತನಕ ನೀರಿಗೆ ಇಳಿದು ಡಬ್ಬಿ ಬಡಿದೆ. ಅವು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹರಿದ ತುಟಿಯ ಮೀನನ್ನು ಎರಡು ಸೇರಿ ಬಂಡೆಯ ಮೇಲೆ ಎಳೆದು ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ತಲೆಯಿಂದಲೇ ತಿನ್ನಲು ಶುರು ಮಾಡಿದವು.

ಬೆಳಿಗ್ಗೆ ಹೋದಾಗ ಬಂಡೆಯ ಮೇಲೆ ಹುರುಪೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಒಂದೊಂದನ್ನೇ ಆರಿಸಿ ನೀರಿಗೆ ಹಾಕಿದೆ, ಯಾರೂ ನೋಡಬಾರದೆಂದು. ಏಳು ಉಂಡೆ ಹಾಕಿ ಮಧ್ಯಾಹ್ನದ ತನಕ ಕೂತೆ. ಉಂಡೆಗಳು ತಳದಲ್ಲಿ ಹಾಗೇ ಬಿದ್ದಿದ್ದವು. ಮರುದಿನವೂ ಅಷ್ಟೇ. ಆ ಸಂಜೆ ರೇಣುಕಾಗೆ ನೀರೂ ನಿಲ್ಲಲಿಲ್ಲ. ಗೋಡೆಗೆ ಒರಗಿ ಕೂತವಳು ನನ್ನನ್ನು ನೋಡಿ, "ಇನ್ನ ಎಷ್ಟು ದಿನ ಐತ್ರಿ?" ಎಂದು ಕೇಳಿದಳು. ನಾನು, "ನಾಳೆ" ಎಂದುಬಿಟ್ಟೆ.

ಮರುದಿನ ಡಬ್ಬಿ ಹಿಡಿದು ಹೊರಟವನು ಹೊಳೆಗೆ ಹೋಗದೆ ಮೊದಲ ಬಸ್ಸಿಗೆ ಹೊಸಪೇಟೆಗೆ ಬಂದೆ. ಮೀನು ಮಾರ್ಕೆಟ್ಟಿನಲ್ಲಿ ಡ್ಯಾಮಿನ ಕಾಟ್ಲಾ ರಾಶಿ ಬಿದ್ದಿತ್ತು. ಅದಕ್ಕೆ ಮೀಸೆಯಿಲ್ಲ, ತಲೆ ಮೈಯ ಅರ್ಧದಷ್ಟು. ತಲೆ ತೆಗೆದು, ಹುರುಪೆ ಹೆರೆದು, ತುಂಡು ಮಾಡಿ ಕೊಡಲು ಹೇಳಿದೆ. ಮಾರುವವಳು ಕತ್ತಿ ಎತ್ತಿದವಳು ನಿಲ್ಲಿಸಿ, "ತಲಿ ಬಿಟ್ಟು ಹೊಂಟ್ರೇನ್ರಿ? ರುಚಿ ಎಲ್ಲಾ ಅದರಾಗ ಐತಿ" ಎಂದಳು. ಬೇಡವೆಂದೆ. ಊರ ಹತ್ತಿರ ಇಳಿದು, ಹೊಳೆಗೆ ಹೋಗಿ ಪ್ಯಾಂಟು ಮೊಣಕಾಲು ತನಕ ಒದ್ದೆ ಮಾಡಿಕೊಂಡು, ಮೀನನ್ನು ಹಸಿ ಗೋಣಿಯಲ್ಲಿ ಸುತ್ತಿಕೊಂಡು ಮನೆಗೆ ಹೋದೆ. ಅಷ್ಟು ಚೊಕ್ಕವಾಗಿ ನಾನು ಜನ್ಮದಲ್ಲಿ ಯಾವ ಕೆಲಸವನ್ನೂ ಮಾಡಿಲ್ಲ.

ಮಾವ ಹೊರಸಿನ ಮೇಲೆ ಕೂತಿದ್ದರು. ಗೋಣಿ ಬಿಚ್ಚಿ ನೋಡಿದರು.

"ಇವತ್ತಿಗೆ ಹದಿನೈದು. ಇಪ್ಪತ್ತೊಂದು ಆಗಿರಲಿಲ್ಲ" ಎಂದರು.

"ಮುಂಚೇನ ಬಂತ್ರಿ ಮಾವಾರ."

"ತಲಿ ಎಲ್ರಿ?"

ದಾರಿಯುದ್ದಕ್ಕೂ ಎಲ್ಲ ಪ್ರಶ್ನೆಗೂ ಉತ್ತರ ಕಟ್ಟಿದ್ದೆ, ಇದೊಂದನ್ನು ಬಿಟ್ಟು. ಬಾಯಿಗೆ ಬಂದದ್ದನ್ನು ಹೇಳಿದೆ. "ಹುರುಪಿ ತೆಗ್ಯಾಕ ಕುಂತಿದ್ದೆ, ನೀರುನಾಯಿ ಬಂದು ತಲಿ ತಿಂತ್ರಿ."

ಮಾವ ಒಂದು ತುಂಡನ್ನು ಎತ್ತಿ, ಕತ್ತಿ ಬಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. "ತಲಿ ಅಷ್ಟ ತಿಂದು ಮೈ ಬಿಟ್ಟು ಹೋಗೈತಿ" ಎಂದರು ನಿಧಾನವಾಗಿ. "ಅದಕ್ಕೂ ಬಸರಿ ಹೆಂಗಸಿನ ಮ್ಯಾಲ ಕರುಣಿ ಬಂದಿರಬೇಕು." ಗೋಣಿಯನ್ನು ಅತ್ತೆಯ ಕೈಗೆ ಕೊಟ್ಟರು.

ರೇಣುಕಾ ಉಂಡಳು. ಮೊದಲು ಸಾರು, ಆಮೇಲೆ ರೊಟ್ಟಿ ಮುರಿದು ಅದ್ದಿ, ಆಮೇಲೆ ಎರಡು ತುಂಡು ಮೀನು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು. ಒಂದು ತಾಸಾಯಿತು, ಎರಡಾಯಿತು; ಹೊಟ್ಟೆಯಲ್ಲಿ ನಿಂತಿತು. "ಅಪ್ಪ ತರ್ತಿದ್ದ ಹಂಗ ಐತಿ" ಎಂದು ನನ್ನ ಕಡೆ ನೋಡಿ ನಕ್ಕಳು. ಮರುದಿನವೂ ಉಂಡಳು. ಆಮೇಲೆ ಎಲ್ಲವನ್ನೂ ಉಂಡಳು. ಚೈತ್ರದಲ್ಲಿ ಹುಟ್ಟಿದ ಮಗಳಿಗೆ ಹೊಳೆಯ ಹೆಸರಿನಲ್ಲೇ ಅರ್ಧ ತೆಗೆದು ತುಂಗಾ ಎಂದು ಕರೆದಳು. ಆ ಮೀನಿನ ಕಥೆಯನ್ನು ತೊಟ್ಟಿಲ ದಿನದಿಂದ ಬಂದವರಿಗೆಲ್ಲ ಹೇಳಿದಳು: ಕೆಲಸವಿಲ್ಲದ ಗಂಡ, ಚಳಿಯ ಹೊಳೆ, ದಿನಾ ಏಳು ಉಂಡೆ. ತುಂಗಾ ಅದನ್ನು ಶಾಲೆಯಲ್ಲಿ ಪ್ರಬಂಧ ಬರೆದು ತಂದಿದ್ದಾಳೆ. ನಾನು ಪ್ರತಿ ಸಲವೂ ಯಾವುದಾದರೂ ಕೆಲಸ ನೆನಪಾಗಿ ಎದ್ದು ಹೋಗುತ್ತೇನೆ.

ಆ ದಿನ ಊಟವಾದ ಮೇಲೆ ಮಾವ ನನ್ನನ್ನು ಹೊರಸಿನ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟೇ. "ಬಿಸಲು ಏರಿದ ಮ್ಯಾಲ ನೀರುನಾಯಿ ಕಲ್ಲಿನ ಸಂದ್ಯಾಗ ಮಲಗ್ತಾವ್ರಿ. ಸಂಜೀಗೆ ಏಳ್ತಾವು. ನಾ ಮೊದ್ಲ ಹೇಳಬೇಕಾಗಿತ್ತು, ತಪ್ಪು ನಂದು. ಇನ್ನ ಆರು ದಿನ ಅದಾವು, ಉಣ್ಸೂದು ಬಿಡಬ್ಯಾಡ್ರಿ. ಹೋದವು ಬರ್ತಾವು." ಬೈದಿದ್ದರೆ ನಾನು ಅಲ್ಲೇ ಎಲ್ಲ ಹೇಳಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಮಾರನೆಯ ದಿನವೇ, ಸಂಡೂರಿನಿಂದ ಕರೆ ಬಂದಿದೆ ಎಂದು ಹೇಳಿ ನಾನು ಊರು ಬಿಟ್ಟೆ. ಕರೆ ಬಂದಿರಲಿಲ್ಲ. ತಿಂಗಳು ಅಲೆದ ಮೇಲೆ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಸಿಕ್ಕಿತು, ಈಗಲೂ ಅಲ್ಲೇ ಇದ್ದೇನೆ.

ಆ ಆರು ದಿನ ಏನಾಯಿತೆಂದು ಅತ್ತೆ ನನಗೆ ತೊಟ್ಟಿಲ ಶಾಸ್ತ್ರದ ದಿನ ಹೇಳಿದರು, ದೂರಲ್ಲ, ಮಾತಿಗೆ ಮಾತು ಬಂದು. ಮಾವ ಒಂದು ಕೋಲು ಹಿಡಿದು, ದಬ್ಬೆ ಕಟ್ಟಿದ ಕಾಲನ್ನು ಎಳೆಯುತ್ತ, ಆರೂ ದಿನ ಆ ಕಲ್ಲುಗಳ ಮೇಲೆ ಹೋಗಿ ಉಣಿಸಿ ಬಂದರಂತೆ. ಎಲುಬು ಸೊಟ್ಟಗೆ ಕೂಡಿಕೊಂಡಿತು. ಅಲ್ಲಿಂದ ಇಲ್ಲಿಯ ತನಕ ಅವರು ಕುಂಟುತ್ತಲೇ ಇದ್ದಾರೆ. ಹಬ್ಬಕ್ಕೆ ಹೋದಾಗಲೆಲ್ಲ ಅವರು ಕೋಲೂರಿಕೊಂಡು ಎದ್ದು ಬಂದು, "ಬರ್ರಿ ಅಳಿಯಾರ, ಕುಂದ್ರಿ" ಎನ್ನುತ್ತಾರೆ. ನನಗೆ ಆ ಮನೆಯ ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲು ಆಗುವುದಿಲ್ಲ. ಕಾಲಲ್ಲಿ ಚಕ್ರ ಇದೆ ಎಂದು ಎಲ್ಲರೂ ನಗುತ್ತಾರೆ.

ಇವತ್ತು ಬೆಳಿಗ್ಗೆ ರೇಣುಕಾ ಡಬ್ಬಿ ತಂದು ಕೈಗೆ ಕೊಟ್ಟಳು. ಮೂರು ವಾರ ಎರಡನೇ ಶಿಫ್ಟಿಗೇ ಹಾಕಿ ಎಂದು ನಾನು ಕೇಳಿಕೊಂಡಾಗಿತ್ತು, ಬೈಕಿಗೆ ಪೆಟ್ರೋಲ್ ಹಾಕಿಸಿಯಾಗಿತ್ತು. ಬಾಗಿಲು ದಾಟುವಾಗ ಅವಳು, "ನಿನ್ನೆ ಹೇಳಾಕ ಬಿಡಲಿಲ್ಲ ನೀವು. ಅಪ್ಪ ಇನ್ನೊಂದು ಮಾತು ಹೇಳ್ಯಾನ. ಈ ಸಲ ತಲಿ ಸಮೇತ ತರಾಕ ಹೇಳು ಅಂದನಂತ" ಎಂದಳು. "ಅಂದ್ರ ಏನ್ರಿ ಅದು?"

ಹದಿಮೂರು ವರ್ಷ. ಮಾವ ತಮ್ಮ ಸ್ವಂತ ಮಗಳಿಗೂ ಹೇಳದೆ ಇಟ್ಟುಕೊಂಡಿದ್ದಾರೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯ ಹೋಗಿಬಿಟ್ಟರೆ ಏನು ಗತಿ ಎಂದು ಎದೆ ಹಾರಿತು. ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಸಂಜೆಯ ಉಂಡೆ, ನೀರುನಾಯಿ, ಕಾಟ್ಲಾ, ಒದ್ದೆ ಪ್ಯಾಂಟು, ಆರು ದಿನ. ರೇಣುಕಾ ಬಾಗಿಲಿಗೆ ಒರಗಿ ಕೇಳಿದಳು. ಕೊನೆಗೆ, "ಅಂದ್ರ ನಾ ಅವತ್ತು ಉಂಡಿದ್ದು ಡ್ಯಾಮಿನ ಕಾಟ್ಲಾ" ಎಂದಳು.

"ಹೂಂ."

"ಅಪ್ಪನ ಕಾಲು ಹಂಗಾಗಿದ್ದು ನಿಮ್ಮಿಂದ."

"ಹೂಂ."

ಒಳಗೆ ಹೋದಳು. ಡಬ್ಬಿಯೂ ಅವಳ ಜೊತೆ ಹೋಯಿತು. ನಾನು ಹೊಸ್ತಿಲ ಮೇಲೆ ಹಾಗೇ ಕೂತಿದ್ದೆ. ಎದ್ದು ಕಾಲುವೆಯ ತನಕ ಹೋಗಿ ಬರೋಣ ಅನ್ನಿಸಿತು, ಹೋಗಲಿಲ್ಲ. ಅವಳು ಕಣ್ಣೊರೆಸಿಕೊಂಡು ಬಂದು ಡಬ್ಬಿಯ ಮುಚ್ಚಳ ತೆಗೆದು, ಏಳು ಉಂಡೆಯ ಪಕ್ಕ ಇನ್ನೊಂದನ್ನು ಇಟ್ಟಳು. "ಇದು ನಿಮಗ. ಅಲ್ಲೇ ಕುಂತು ತಿನ್ರಿ. ಮೀನು ಬರಲಿ, ಆಮ್ಯಾಲ ತುಂಗಾಗ ನೀವ ಹೇಳಬೇಕು" ಎಂದಳು.

ಎಮ್ಮೆ ಬಂಡೆ ಹಾಗೇ ಮಲಗಿತ್ತು. ಬಿಸಿಲು ಕೊರಳಿಗೆ ಬಂದಾಗ ಏಳು ಉಂಡೆ ಹಾಕಿದೆ. ಅವು ತಿಳಿನೀರಿನಲ್ಲಿ ನಿಧಾನ ಇಳಿದು ತಳದ ಮರಳ ಮೇಲೆ ಕೂತವು. ತಲೆಯಲ್ಲಿ ಹಳೆಯ ಲೆಕ್ಕ ಮತ್ತೆ ಶುರುವಾಯಿತು. ಈ ಸಲ ಕಾರಣ ಇನ್ನೂ ಗಟ್ಟಿಯಾದದ್ದು: ಗಂಜಿ ಬೇಡವೆನ್ನುವ, ಎಂಬತ್ತರ ಹತ್ತಿರದ ಮನುಷ್ಯ ಇಪ್ಪತ್ತೊಂದು ದಿನ ತಡೆದಾರೆಯೇ? ಶಿಫ್ಟಿಗೆ ರಜೆ ಹಾಕಿ ಸಂಜೆಯೂ ಬಂದರೆ ಹನ್ನೊಂದು ದಿನ. ಕೈ ತಾನಾಗಿ ಡಬ್ಬಿಗೆ ಹೋಗಿ ಎಂಟನೆಯ ಉಂಡೆಯನ್ನು ಹಿಡಿದಿತ್ತು. ನೀರಿನ ಕಡೆ ಎತ್ತಿದವನು, ಬಾಯಿಗೆ ಹಾಕಿಕೊಂಡೆ. ಉಪ್ಪಿಲ್ಲ. ಇಂಗು ಗಂಟಲಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಅಗಿದು ಅಗಿದು ನುಂಗಿದೆ. ಬಿಸಿಲು ಬಂಡೆಯ ಕೊರಳು ದಾಟಿ ಹೊಟ್ಟೆಗೆ ಇಳಿಯಿತು. ಮೀನು ಬರಲಿಲ್ಲ. ನಾನೂ ಏಳಲಿಲ್ಲ.